ಸೋಡಿಯಂ ಎಲ್ಲಿ ಹೋಯ್ತು?

ಪಿಯುಸಿ ಮಕ್ಕಳಿಗೆ ಅಯಾನಿಕ ಸಮೀಕರಣ ಪಾಠ ಮಾಡುತ್ತಿದ್ದೆ. ಅಂದರೆ ಕ್ರಿಯೆಯಲ್ಲಿ ನಿಜವಾಗಿ ಪಾಲುಗೊಳ್ಳುವ ಅಯಾನುಗಳನ್ನಷ್ಟೇ ಬರೆಯುವ ಸಮೀಕರಣ. ಬೋರ್ಡಿನ ಮೇಲೆ ಸಿಲ್ವರ್ ನೈಟ್ರೇಟ್, ಸೋಡಿಯಂ ಕ್ಲೋರೈಡ್. ನೀರಿನಲ್ಲಿ ಕರಗಿರುವ ಎಲ್ಲವನ್ನೂ ಅಯಾನುಗಳಾಗಿ (ಪ್ಲಸ್ ಅಥವಾ ಮೈನಸ್ ಆವೇಶವಿರುವ ಕಣಗಳಾಗಿ) ಒಡೆದು, ಸಮೀಕರಣದ ಎರಡೂ ಕಡೆ ಇರುವುದನ್ನು ಹೊಡೆದುಹಾಕಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸರ್, ಹೊಡೆದುಹಾಕಿದ ಸೋಡಿಯಂ ಎಲ್ಲಿ ಹೋಯ್ತು?"

ನನಗೆ ತುಂಬಾ ಖುಷಿಯಾಯಿತು. ಮಕ್ಕಳು ಇದನ್ನು ಬೀಜಗಣಿತದ ಲೆಕ್ಕ ಅಂತ ಸುಮ್ನೆ ಮಾಡಿ ಮುಗಿಸುವುದೇ ಜಾಸ್ತಿ. ಬಾಯಲ್ಲಿ ಉತ್ತರ ಹೇಳದೆ ಎಲ್ಲರನ್ನೂ ಲ್ಯಾಬಿಗೆ ಕರೆದುಕೊಂಡು ಹೋದೆ.

ಒಂದು ಟೆಸ್ಟ್ ಟ್ಯೂಬಿನಲ್ಲಿ ಸೋಡಿಯಂ ಕ್ಲೋರೈಡ್, ಇನ್ನೊಂದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್. ಎರಡಕ್ಕೂ ಸಿಲ್ವರ್ ನೈಟ್ರೇಟ್ ಹನಿಸಿದೆವು. ಎರಡರಲ್ಲೂ ಒಡೆದ ಹಾಲಿನಂಥ ಬಿಳಿ ಪ್ರಕ್ಷೇಪ, ಅಂದರೆ ನೀರಿನಲ್ಲಿ ಕರಗದೆ ಬೇರೆಯಾಗುವ ಘನ. ಅದೇ ಸಿಲ್ವರ್ ಕ್ಲೋರೈಡ್. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗದು. ಒಂದು ಲೀಟರ್ ನೀರಿನಲ್ಲಿ ಅಡುಗೆ ಉಪ್ಪು ಸುಮಾರು 360 ಗ್ರಾಂ ಕರಗುತ್ತದೆ. ಸಿಲ್ವರ್ ಕ್ಲೋರೈಡ್ ಕರಗುವುದು 2 ಮಿಲಿಗ್ರಾಂ ಆಸುಪಾಸು, ಅಷ್ಟೇ. ಹಾಗಾಗಿ ಬೆಳ್ಳಿಯ ಅಯಾನು, ಕ್ಲೋರೈಡ್ ಅಯಾನು ಎದುರಾದರೆ ತಳಕ್ಕೆ ಇಳಿಯಲೇಬೇಕು.

ಆಮೇಲೆ ಎರಡನ್ನೂ ಸೋಸಿದೆವು. ಕೆಳಗೆ ಇಳಿದ ತಿಳಿ ನೀರನ್ನು ನಿಕ್ರೋಮ್ ತಂತಿಯ ತುದಿಗೆ ತಾಗಿಸಿ ಬರ್ನರ್‌ಗೆ ಹಿಡಿದೆವು. ಮೊದಲನೆಯದು ಸೋಡಿಯಂನ ಢಾಳಾದ ಹಳದಿ ಜ್ವಾಲೆ ಕೊಟ್ಟಿತು. ಎರಡನೆಯದು ಪೊಟ್ಯಾಸಿಯಂನ ತಿಳಿ ನೇರಳೆ. ಅದನ್ನು ನೀಲಿ ಗಾಜಿನ ಮೂಲಕ ನೋಡಬೇಕು, ಇಲ್ಲದಿದ್ದರೆ ಚೂರು ಸೋಡಿಯಂ ಸೇರಿದ್ದರೂ ಅದರ ಹಳದಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. "ಅಲ್ಲೇ ಇದೆಯಲ್ಲ ಸರ್!" ಎಂದ ಹುಡುಗ. ಅಲ್ಲೇ ಇತ್ತು. ಮೊದಲು ಹೇಗಿತ್ತೋ ಹಾಗೇ ಇತ್ತು. ಕ್ರಿಯೆಯಲ್ಲಿ ಅದು ಪಾಲುಗೊಂಡಿರಲೇ ಇಲ್ಲ. ಪ್ರೇಕ್ಷಕ ಅಯಾನು ಅನ್ನುವುದು ಇದನ್ನೇ.

ಎರಡು ಟ್ಯೂಬಿಗೂ ಒಂದೇ ಸಮೀಕರಣ ಬಂತು: ಎಜಿ ಪ್ಲಸ್ (ಬೆಳ್ಳಿಯ ಅಯಾನು), ಸಿಎಲ್ ಮೈನಸ್ (ಕ್ಲೋರೈಡ್ ಅಯಾನು) ಸೇರಿ ಎಜಿಸಿಎಲ್ (ಸಿಲ್ವರ್ ಕ್ಲೋರೈಡ್). ಎಡಕ್ಕೆ ಒಂದು ಪ್ಲಸ್, ಒಂದು ಮೈನಸ್, ಒಟ್ಟು ಸೊನ್ನೆ. ಬಲಕ್ಕೂ ಸೊನ್ನೆ. ಕೆಲವರು ಎಜಿಸಿಎಲ್ ಅನ್ನೂ ಒಡೆದು ಬರೆಯುತ್ತಾರೆ. ಹಾಗೆ ಮಾಡಿದರೆ ಎಲ್ಲವೂ ಹೊಡೆದುಹೋಗಿ ಕೊನೆಗೆ ಏನೂ ಉಳಿಯುವುದಿಲ್ಲ. ಕಣ್ಣೆದುರು ಘನವಾಗಿ ಕೂತಿರುವುದನ್ನು ಒಡೆಯುವುದು ಹೇಗೆ, ಅಲ್ವಾ?

ಅಷ್ಟರಲ್ಲಿ ಒಬ್ಬಳು ತನ್ನ ಬಾಟಲಿಯಲ್ಲಿದ್ದ ಬೋರ್‌ವೆಲ್ ನೀರನ್ನು ಟ್ಯೂಬಿಗೆ ಸುರಿದಳು. ಕಾರ್ಬೊನೇಟ್ ಅಡ್ಡ ಬರದಿರಲಿ ಎಂದು ಮೊದಲು ಕೊಂಚ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ನೈಟ್ರಿಕ್ ಆಮ್ಲ ಹಾಕಿಸಿದೆ. ಸಿಲ್ವರ್ ನೈಟ್ರೇಟ್ ಬೀಳುತ್ತಲೇ ನೀರು ಬೆಳ್ಳಗಾಯಿತು. ಅದರಲ್ಲಿ ಸೋಡಿಯಂ ಕ್ಲೋರೈಡ್ ಇತ್ತೋ, ಕ್ಯಾಲ್ಸಿಯಂದೋ, ಮೆಗ್ನೀಸಿಯಂದೋ ಯಾರಿಗೂ ಗೊತ್ತಿರಲಿಲ್ಲ. ಪೂರ್ತಿ ಸಮೀಕರಣ ಬರೆಯಲು ದಾರಿಯೇ ಇರಲಿಲ್ಲ. ಅವಳು ಅಯಾನಿಕ ಸಮೀಕರಣವನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆದು, "ಇದು ಸಾಕಲ್ವಾ ಸರ್?" ಎಂದಳು. ಸಾಕು ಎಂದೆ.