ಯೂಸಾಲ್ ವಾಸನೆ

17 ಆಗಸ್ಟ್ 2024, ಶನಿವಾರ. ರಾತ್ರಿ ಹನ್ನೊಂದೂವರೆ

ಚಿಕ್ಕಮ್ಮ ಪಕ್ಕದ ರೂಮಿನಲ್ಲಿ ಮಲಗಿದ್ದಾರೆ. ನಿದ್ದೆ ಹತ್ತಿಲ್ಲ ಅಂತ ಮಂಚದ ಸದ್ದಿನಲ್ಲೇ ಗೊತ್ತಾಗುತ್ತಿದೆ. ನನಗೂ ಹತ್ತುತ್ತಿಲ್ಲ.

ಸಂಜೆಯಿಂದ ಇಬ್ಬರೂ ಕೂತು ‘ದಿ ಕ್ರಿಮ್ಸನ್ ಫೀಲ್ಡ್’ನ ನಾಲ್ಕು ಕಂತು ನೋಡಿದೆವು. 2014ರಲ್ಲಿ ಬಿಬಿಸಿಯಲ್ಲಿ ಬಂದ ಧಾರಾವಾಹಿ. ಮೊದಲ ಮಹಾಯುದ್ಧದ ಕಾಲ, 1915ರ ಫ್ರಾನ್ಸ್, ಕಡಲ ದಂಡೆಯ ಗುಡಾರದ ಆಸ್ಪತ್ರೆ, ಅಲ್ಲಿಗೆ ಬಂದಿಳಿಯುವ ಮೂವರು ಸ್ವಯಂಸೇವಕಿಯರು. ಹಿಂದೆ ಒಬ್ಬಳೇ ನೋಡಿದ್ದಾಗ ನಾನು ಪೂರ್ತಿ ಕಿಟ್ಟಿಯ ಪಕ್ಷ. ಆ ಮೂವರಲ್ಲಿ ಒಬ್ಬಳು ಅವಳು, ಊನಾ ಚಾಪ್ಲಿನ್ ಮಾಡಿರುವ ಪಾತ್ರ. ಏನೋ ಒಂದು ನೋವನ್ನು ಒಳಗೇ ಇಟ್ಟುಕೊಂಡು, ಯಾರ ಮುಂದೆಯೂ ತಲೆ ತಗ್ಗಿಸದ ಹುಡುಗಿ. ಹೊಸ ಹುಡುಗಿಯರನ್ನು ಗದರುವ ಹಿರಿಯ ನರ್ಸ್, ಸಿಸ್ಟರ್ ಕ್ವೇಲ್ ಕಂಡರೆ ಮೈ ಉರಿಯುತ್ತಿತ್ತು.

ಚಿಕ್ಕಮ್ಮ ಮೊದಲ ಕಂತಿನಲ್ಲೇ ಕ್ವೇಲ್ ಪಕ್ಷ ಸೇರಿಬಿಟ್ಟರು. ಇಂಗ್ಲಿಷ್ ಅಷ್ಟಾಗಿ ತಿಳಿಯೋದಿಲ್ಲ, ನಾನು ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದೆ.

“ಅವಳ ಮೇಲೆ ಯಾಕೇ ಕೋಪ ನಿಂಗೆ? ಅವಳನ್ನ ಬಿಟ್ಟು ಇನ್ನೊಬ್ಬಳನ್ನ ಮೇಟ್ರನ್ ಮಾಡಿದಾರೆ ಅಂತೀಯ. ಈ ಕಡೆ ದೊಡ್ಡ ಮನೆ ಹುಡುಗೀರು ನಾಲ್ಕು ದಿನ ಬ್ಯಾಂಡೇಜ್ ಸುತ್ತೋದು ಕಲ್ತು ಏಪ್ರನ್ ಕಟ್ಕೊಂಡ್ ನಿಂತಿದಾರೆ. ನೋಡೋರ ಕಣ್ಣಿಗೆ ಅವರೂ ನರ್ಸು, ಇವಳೂ ನರ್ಸು. ಹೊಟ್ಟೆ ಉರಿಯಲ್ವಾ?”

ನನಗೆ ಗೊತ್ತಿದ್ದಷ್ಟು ಹೇಳಿದೆ. ವಿ.ಎ.ಡಿ. ಅಂತ ಈ ಸ್ವಯಂಸೇವಕರ ದಳಗಳು ಶುರುವಾಗಿದ್ದು 1909ರಲ್ಲಿ. ಪ್ರಥಮ ಚಿಕಿತ್ಸೆ, ಮನೆಯ ಶುಶ್ರೂಷೆ, ಈ ಎರಡರ ಸರ್ಟಿಫಿಕೇಟ್ ಇದ್ದರೆ ಸೇರಬಹುದಿತ್ತು. ವಿದೇಶಕ್ಕೆ ಹೋಗಲು ಇಪ್ಪತ್ಮೂರು ತುಂಬಿರಬೇಕು. ಆ ಕಡೆ ಕಲಿತ ನರ್ಸುಗಳದು ಆಸ್ಪತ್ರೆಯಲ್ಲಿ ಮೂರು ವರ್ಷದ ತರಬೇತಿ. ಆದರೂ ಇಂಗ್ಲೆಂಡಿನಲ್ಲಿ ಆಗ ಯಾರು ಬೇಕಾದರೂ ‘ನಾನು ನರ್ಸ್’ ಅನ್ನಬಹುದಿತ್ತು, ತಡೆಯುವ ಕಾನೂನೇ ಇರಲಿಲ್ಲ. ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಅನ್ನುವಾಕೆ ನೋಂದಣಿ ಬೇಕು ಅಂತ ಮೂವತ್ತು ವರ್ಷ ಹೋರಾಡಿದರು, ಕಾನೂನು ಬಂದಿದ್ದು 1919ರಲ್ಲಿ, ಯುದ್ಧ ಮುಗಿದ ಮೇಲೆ.

ಚಿಕ್ಕಮ್ಮ ಟಿವಿ ಕಡೆಯಿಂದ ಕಣ್ಣು ತೆಗೆಯದೆ ತಮ್ಮ ರಿಜಿಸ್ಟ್ರೇಷನ್ ನಂಬರ್ ಹೇಳಿದರು. ಸರ್ಕಾರಿ ಆಸ್ಪತ್ರೆಯಿಂದ ರಿಟೈರ್ ಆಗಿ ಹನ್ನೊಂದು ವರ್ಷ. ಹುಟ್ಟಿದ ನಕ್ಷತ್ರ ಹೇಳಿದಷ್ಟು ಸಲೀಸಾಗಿ ಬಂತು.

ಡ್ರೆಸ್ಸಿಂಗ್ ಮಾಡುವ ದೃಶ್ಯ ಬಂದಾಗ ಮೂಗಿಗೆ ಕೈ ಹೋಯಿತು ಅವರಿಗೆ. “ಯೂಸಾಲ್ ವಾಸನೆ ಬಂದ ಹಾಗಾಯ್ತು ಕಣೇ.” ಗಾಯ ತೊಳೆಯುವ ದ್ರಾವಣ ಅದು. ಬ್ಲೀಚಿಂಗ್ ಪೌಡರು, ಬೋರಿಕ್ ಪೌಡರು ನೀರಿಗೆ ಹಾಕಿ ಆಗಾಗ ಹೊಸದಾಗಿ ಮಾಡಿಕೊಳ್ಳಬೇಕಿತ್ತಂತೆ, ಇಟ್ಟರೆ ಸತ್ವ ಹೋಗುತ್ತೆ. ಮೇಲ್ ಸರ್ಜಿಕಲ್ ವಾರ್ಡಿನಲ್ಲಿ ಬೆಡ್ ಸೋರ್ ಆದವರಿಗೆ ಅದೇ. ಮನೆಗೆ ಬಂದು ಅನ್ನ ಕಲಸಿದರೂ ಬೆರಳಲ್ಲಿ ಅದೇ ವಾಸನೆ.

ಆ ಹೆಸರು ಕೇಳಿ ನನಗೆ ಮೈ ಜುಮ್ಮೆಂದಿತು. ಯೂಸಾಲ್ ಹುಟ್ಟಿದ್ದೇ 1915ರಲ್ಲಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ, ಇದೇ ಯುದ್ಧದ ಗಾಯಗಳಿಗೆ. ಗೊಬ್ಬರ ಹಾಕಿದ ಹೊಲಗಳಲ್ಲಿ ತೋಡಿದ ಕಂದಕ, ಆ ಮಣ್ಣು ಗಾಯಕ್ಕೆ ಸೇರಿದರೆ ಗ್ಯಾಂಗ್ರಿನ್. ಪೆನ್ಸಿಲಿನ್ ಇನ್ನೂ ಇಲ್ಲ. ಅದೇ ವರ್ಷದ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಕ್ಲೋರಿನ್, ಗಾಯ ತೊಳೆದ ಬ್ಲೀಚಿಂಗ್ ಪೌಡರಿನಲ್ಲಿ ಇದ್ದಿದ್ದೂ ಕ್ಲೋರಿನ್. ಅದು ನಮ್ಮ ಚಿಕ್ಕಮ್ಮನ ಬೆರಳವರೆಗೂ ಬಂದಿದೆ ಅಂತ ಇವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

“ನಮ್ಮೋರು ಯಾರೂ ಇರ್ಲಿಲ್ವಾ ಅಲ್ಲಿ?” ಅಂದರು ಊಟಕ್ಕೆ ಕೂತಾಗ.

ಇದ್ದರು. ಅದೇ ವರ್ಷದ ಮಾರ್ಚಿನಲ್ಲಿ ಫ್ರಾನ್ಸಿನ ನವ್ ಶಪೆಲ್ ಕದನದಲ್ಲಿ ಎಷ್ಟೋ ಜನ ಭಾರತದ ಸಿಪಾಯಿಗಳು ಸತ್ತರು. ಗಾಯಾಳುಗಳನ್ನು ಇಂಗ್ಲೆಂಡಿನ ಬ್ರೈಟನ್‌ನ ಅರಮನೆಯಲ್ಲಿ ಇಟ್ಟಿದ್ದರು, ಜಾತಿ ಧರ್ಮಕ್ಕೆ ತಕ್ಕಂತೆ ಬೇರೆ ಬೇರೆ ಅಡುಗೆಮನೆ ಮಾಡಿಕೊಟ್ಟಿದ್ದರು. ಆದರೆ ಬಿಳಿಯ ನರ್ಸುಗಳು ಮೇಲ್ವಿಚಾರಣೆ ಮಾತ್ರ ಮಾಡಬೇಕು, ಅವರ ಗಾಯಕ್ಕೆ ಕೈ ಹಚ್ಚುವ ಹಾಗಿಲ್ಲ. ಆಮೇಲೆ ಅದನ್ನೂ ನಿಲ್ಲಿಸಿದರು.

ಚಿಕ್ಕಮ್ಮ ತುತ್ತು ಕೈಯಲ್ಲೇ ಹಿಡಿದು ಸುಮ್ಮನೆ ಕೂತರು. “ನೋವಲ್ಲಿ ಇರೋನಿಗೆ ಕೈ ಯಾರದಾದ್ರೇನು” ಅಂದರು. ಆಮೇಲೆ ಮೊಸರು ಹಾಕಿಕೊಂಡರು.

ಇಷ್ಟೇ ಆಗಿದ್ದರೆ ನಾನು ಈ ಹೊತ್ತಿಗೆ ನಿದ್ದೆ ಮಾಡಿರುತ್ತಿದ್ದೆ.

ಪಾತ್ರೆ ತೊಳೆಯುವಾಗ ಕೇಳಿದರು, “ಕೊರೊನಾದಲ್ಲಿ ನೀನೂ ಹೋಗ್ತಿದ್ಯಲ್ಲ, ಎಷ್ಟು ದಿನ?” ಹತ್ತೊಂಬತ್ತು ದಿನ ಅಂದೆ. 2021ರ ಮೇ. ಹಾಸ್ಟೆಲ್ಲನ್ನೇ ಕೋವಿಡ್ ಕೇಂದ್ರ ಮಾಡಿದ್ದರು. ಊಟ ಕೊಡುವುದು, ಆಕ್ಸಿಮೀಟರ್ ನೋಡಿ ಬರೆದುಕೊಳ್ಳುವುದು, ವಯಸ್ಸಾದವರಿಗೆ ಮನೆಯವರ ಮುಖ ವಿಡಿಯೋ ಕಾಲ್‌ನಲ್ಲಿ ತೋರಿಸುವುದು. ಇಪ್ಪತ್ತನೆಯ ದಿನ ಅಮ್ಮ ಅತ್ತು ಬೇಡ ಅಂದರು, ಬಿಟ್ಟೆ. ಮುಂದೆ ನಮ್ಮನ್ನೆಲ್ಲ ಕರೆದು ಶಾಲು ಹೊದಿಸಿ ಫೋಟೋ ತೆಗೆದರು. ಆ ಶಾಲು ಬೀರುವಿನಲ್ಲಿದೆ.

ಅಲ್ಲಿ ರಾತ್ರಿ ಪಾಳಿಗೆ ಒಬ್ಬರು ಸ್ಟಾಫ್ ನರ್ಸ್ ಇದ್ದರು. ಪಿಪಿಇ ಕಿಟ್ ಒಳಗೆ ಅವರ ಕಣ್ಣೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗು. ದಿನಾ ನಾನು ಹೊರಡುವಾಗ “ನಾಳೆ ಬರ್ತೀರಲ್ವಾ ಮೇಡಂ?” ಅನ್ನೋರು. ಹತ್ತೊಂಬತ್ತನೆಯ ದಿನವೂ ಅಂದರು. ನಾನು ಬರ್ತೀನಿ ಅಂದಿದ್ದೆ.

ಶಾಲು ಹೊದಿಸಿದ ದಿನ ಅವರು ಅಲ್ಲಿರಲಿಲ್ಲ. ಅವರನ್ನು ಕರೆಯಲೇ ಇಲ್ಲ ಅಂತ ನಾನು ಗಮನಿಸಿದ್ದು ಇವತ್ತು, ಸಿಂಕ್ ಮುಂದೆ ನಿಂತು, ಮೂರು ವರ್ಷ ಆದ ಮೇಲೆ.

ಚಿಕ್ಕಮ್ಮ ಬೈಯಲಿಲ್ಲ. “ನಿನ್ನಂಥೋರು ಬಂದಿದ್ದಕ್ಕೆ ಎಷ್ಟೋ ಜನ ಮನೆಯೋರ ಮುಖ ನೋಡಿದ್ರು, ಅದೇನು ಕಮ್ಮಿ ಅಲ್ಲ” ಅಂದರು. ನಿಜವಾಗಿ ಅಂದರು, ಸಮಾಧಾನಕ್ಕಲ್ಲ. ಆ ಯುದ್ಧದಲ್ಲೂ ಸ್ವಯಂಸೇವಕಿಯರು ಇಲ್ಲದಿದ್ದರೆ ವಾರ್ಡುಗಳು ನಡೆಯುತ್ತಿರಲಿಲ್ಲ ಅಂತ ನನಗೂ ಗೊತ್ತು. ಎಷ್ಟೋ ಹುಡುಗಿಯರು ವರ್ಷಗಟ್ಟಲೆ ನಿಂತರು.

“ಆ ಸಿಸ್ಟರ್ ಹೆಸರೇನೇ?” ಅಂದರು ಕೈ ಒರೆಸಿಕೊಳ್ಳುತ್ತಾ.

ಮೊಬೈಲ್ ತೆಗೆದು ನೋಡಿದೆ. ‘ಸಿಸ್ಟರ್ ಹಾಸ್ಟೆಲ್’ ಅಂತ ಇದೆ.

ಇನ್ನೆರಡು ಕಂತು ಉಳಿದಿವೆ. ಆರು ಕಂತಿಗೇ ನಿಲ್ಲಿಸಿಬಿಟ್ಟರು, ಎರಡನೆಯ ಸರಣಿ ಬರಲೇ ಇಲ್ಲ ಅಂತ ಚಿಕ್ಕಮ್ಮನಿಗೆ ಇನ್ನೂ ಹೇಳಿಲ್ಲ. ಕ್ವೇಲ್‌ಗೆ ಮುಂದೆ ಏನಾಗುತ್ತೆ ಅಂತ ಕೇಳುತ್ತಾ ಮಲಗಲು ಹೋದರು. ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾರೆ, ಬೆಳಿಗ್ಗೆಯೇ ನೋಡಿ ಮುಗಿಸಬೇಕು.

ಭಾನುವಾರ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿರಬಹುದು ಆ ಸಿಸ್ಟರ್. ಎಷ್ಟು ಗಂಟೆಗೆ ಫೋನ್ ಮಾಡಿದರೆ ತೊಂದರೆ ಆಗಲ್ಲ ಅಂತ ಚಿಕ್ಕಮ್ಮನಿಗೆ ಗೊತ್ತಿರುತ್ತೆ. ಆದರೆ ಮೊದಲ ಮಾತು ಏನಂತ