ಹೆಗಲ ಮೇಲಿನ ಹಿಮ್ಮಡಿ ಗುರುತು

ಇಂದು ಬೆಳಿಗ್ಗೆ ತುಮಕೂರಿನ ಅಮಾನಿಕೆರೆಯ ಬಳಿ ಆರು ಹುಡುಗಿಯರು ಚಿಯರ್‌ಲೀಡಿಂಗ್ ಎಂಬ ತಂಡದ ಕಸರತ್ತಿನ ಅಭ್ಯಾಸದಲ್ಲಿ ಒಬ್ಬರ ಹೆಗಲ ಮೇಲೊಬ್ಬರು ನಿಂತು ಪಿರಮಿಡ್ ಕಟ್ಟುತ್ತಿದ್ದರು.

ನೆರೆದವರೆಲ್ಲ ತುದಿಯಲ್ಲಿದ್ದವಳನ್ನು ನೋಡಿದರು. ನನ್ನ ಕಣ್ಣು ಮಾತ್ರ ಕೆಳಗಿದ್ದವಳ ಹೆಗಲಿನ ಮೇಲೆ. ಎಲ್ಲರೂ ಇಳಿದಾಗ ಅಲ್ಲಿ ಹಿಮ್ಮಡಿಯ ಗುರುತು ಕೆಂಪಗೆ ಮೂಡಿತ್ತು. ಒಮ್ಮೆ ಉಜ್ಜಿಕೊಂಡಳು, ಮತ್ತೆ ಬಗ್ಗಿ ಹೆಗಲು ಕೊಟ್ಟಳು. ಏಳು ಸಲ. ನಾನು ಎಣಿಸಿದೆ.

"ಚೆನ್ನಾಗಿದೆ, ಆದರೆ ಇದು ಕ್ರೀಡೆಯಲ್ಲ. ಅಂಕ ಎಂದರೆ ತೀರ್ಪುಗಾರರ ಮನಸ್ಸು ತಾನೆ?" ಎಂದರು ಪಕ್ಕದಲ್ಲಿದ್ದ ಹಿರಿಯರು.

ಸುಮ್ಮನಿರಲು ಆಗಲಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ದೀಪಾ ಕರ್ಮಾಕರ್‌ಗೆ ಕಂಚು ತಪ್ಪಿದ್ದು 0.15 ಅಂಕದಿಂದ. ಅದೂ ತೀರ್ಪುಗಾರರು ಕೊಟ್ಟ ಅಂಕವೇ. ಅಂದು ನಮಗೆ ಸಂಕಟವಾಗಲಿಲ್ಲವೇ? ತೀರ್ಪುಗಾರರೇ ಅಂಕ ಕೊಡುವ ಯೋಗಾಸನವನ್ನು ಕೇಂದ್ರ ಸರ್ಕಾರ 2020ರಲ್ಲಿ ಸ್ಪರ್ಧಾತ್ಮಕ ಕ್ರೀಡೆ ಎಂದು ಒಪ್ಪಿತು. ಚಿಯರ್‌ಲೀಡಿಂಗ್‌ನ ಜಾಗತಿಕ ಒಕ್ಕೂಟಕ್ಕೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2021ರಲ್ಲಿ ಪೂರ್ಣ ಮಾನ್ಯತೆ ಕೊಟ್ಟಿತು. ತೀರ್ಪು ತಪ್ಪಬಹುದು, ನಿಜ. ಕ್ರಿಕೆಟ್ ಅಂಪೈರ್ ತಪ್ಪಿದರೆ ಕ್ರಿಕೆಟ್ಟನ್ನು ಆಟವಲ್ಲ ಎನ್ನುತ್ತೇವೆಯೇ?

ಅವರು ನಕ್ಕು ಮುಂದೆ ನಡೆದರು. ನನಗೆ ಇನ್ನೂ ಹೇಳುವುದಿತ್ತು.

ಹಿಂದಿರುಗುವಾಗ ಆ ಹುಡುಗಿ ಹೆಗಲಿಗೆ ಒದ್ದೆ ಕರವಸ್ತ್ರ ಒತ್ತಿಕೊಂಡು ಕುಳಿತಿದ್ದಳು. ನಾಳೆಯೂ ಅಭ್ಯಾಸವಿದೆಯೇ ಎಂದು ಕೇಳಿದೆ.

"ಐದೂವರೆಗೆ" ಎಂದಳು.