ನಮ್ಮ ನೆಲಕ್ಕೆ ಮನುಷ್ಯ ಬಂದಿದ್ದು ಯಾವಾಗ?

ಭಾನುವಾರ ಬೆಳಿಗ್ಗೆ ಆಸಕ್ತರನ್ನು ಲಾಲ್‌ಬಾಗ್ ಬಂಡೆ ಹತ್ತಿಸುತ್ತೇನೆ. ಇದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂದ ಕೂಡಲೇ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಮನುಷ್ಯ ಇಲ್ಲಿಗೆ ಯಾವಾಗ ಬಂದ?" ಬಿಸಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸೋಕಾಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಮನುಷ್ಯ ಅನ್ನೋದನ್ನು ಮೊದಲು ಕೇಳಿಕೊಳ್ಳಬೇಕು. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ ಇಸಾಂಪುರ ಅಂತ ಊರಿದೆ. ಸುಣ್ಣಕಲ್ಲು ಕೆತ್ತಿ ಕೈಗೊಡಲಿ ಮಾಡುತ್ತಿದ್ದ ಜಾಗವೊಂದನ್ನು ಕೆ. ಪದ್ದಯ್ಯ ಅವರ ತಂಡ ಅಲ್ಲಿ ಅಗೆದು ತೋರಿಸಿತು. ಅಲ್ಲೇ ಸಿಕ್ಕ ಪ್ರಾಣಿಯ ಹಲ್ಲು ಸುಮಾರು 12 ಲಕ್ಷ ವರ್ಷದಷ್ಟು ಹಳೆಯದು. ನಮ್ಮ ಬಗೆಯ ಮನುಷ್ಯ, ಹೋಮೋ ಸೇಪಿಯನ್ಸ್, ಆಫ್ರಿಕಾದಲ್ಲಿ ಕಾಣಿಸಿಕೊಂಡಿದ್ದೇ ಸುಮಾರು 3 ಲಕ್ಷ ವರ್ಷದ ಹಿಂದೆ. ಹಾಗಾಗಿ ಇಸಾಂಪುರದವರು ಬೇರೆ ಬಗೆಯವರು.

ನಮ್ಮ ಬಗೆಯವರು ಬಂದಿದ್ದು ಯಾವಾಗ ಅನ್ನೋದರಲ್ಲೇ ಜಗಳ. ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಕರ್ನೂಲು ಸೀಮೆಯ ಜ್ವಾಲಾಪುರಂವರೆಗೂ ಬಂದು ಬಿತ್ತು. ಪುರಾತತ್ವಜ್ಞರಾದ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅಲ್ಲಿ ಅಗೆದಾಗ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧಗಳು ಸಿಕ್ಕವು. ಎರಡೂ ಹೆಚ್ಚುಕಡಿಮೆ ಒಂದೇ ಥರ. ಇವು ನಮ್ಮವರದೇ ಇರಬೇಕು, ಅವರು ಬೂದಿಗೂ ಮುಂಚೆ ಬಂದು ಆ ಕಷ್ಟ ದಾಟಿ ಉಳಿದರು ಅಂತ 2007ರಲ್ಲಿ ಬರೆದರು. 2013ರಲ್ಲಿ ಪಾಲ್ ಮೆಲ್ಲರ್ಸ್ ಮತ್ತು ಜೊತೆಗಾರರು ಒಪ್ಪಲಿಲ್ಲ. ನಮ್ಮವರು ಬಂದಿದ್ದು ಬೂದಿ ಬಿದ್ದು ಎಷ್ಟೋ ಕಾಲದ ಮೇಲೆ, ಸುಮಾರು 60,000ದಿಂದ 50,000 ವರ್ಷದ ಹಿಂದೆ ಅಂದರು.

ಕಲ್ಲಿನ ಮೇಲೆ ಮಾಡಿದವರ ಹೆಸರು ಇರೋದಿಲ್ಲ ಅಲ್ವಾ? ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂನಲ್ಲಿ ಇಂಥದೇ ನಾಜೂಕಿನ ಕೆಲಸ 3.85 ಲಕ್ಷ ವರ್ಷದ ಹಿಂದೆಯೇ ಶುರುವಾಗಿತ್ತು ಅಂತ ಶಾಂತಿ ಪಪ್ಪು ಅವರ ತಂಡ 2018ರಲ್ಲಿ ಹೇಳಿತು. ಆದ್ದರಿಂದ ಬರೀ ಕಲ್ಲು ನೋಡಿ ಇವರೇ ಅಂತ ಹೇಳೋದು ನನಗೆ ಸರಿ ಕಾಣುವುದಿಲ್ಲ.

ನಾನು ಜಾಸ್ತಿ ನಂಬುವುದು ರಕ್ತದ ಸಾಕ್ಷಿಯನ್ನು. ನಮ್ಮ ಡಿಎನ್‌ಎಯಲ್ಲಿ ನಿಯಾಂಡರ್ತಾಲರ, ಅಂದರೆ ಈಗ ಅಳಿದುಹೋಗಿರುವ ಇನ್ನೊಂದು ಬಗೆಯ ಮನುಷ್ಯರ, ಪಾಲು ಶೇಕಡ 1–2ರಷ್ಟಿದೆ. ಆ ಬೆರಕೆ ಆಗಿದ್ದು ಭಾರತದ ಹೊರಗೆ, ಸುಮಾರು 50,000 ವರ್ಷದ ಹಿಂದೆ. ನಿಮ್ಮಲ್ಲಿ, ನನ್ನಲ್ಲಿ ಅದು ಇದೆ ಅಂದಮೇಲೆ ನಮ್ಮ ಹಿರಿಯರು ಆ ಬೆರಕೆ ಆದಮೇಲೇ ಇಲ್ಲಿಗೆ ಬಂದಿರಬೇಕು. ಅದಕ್ಕೂ ಮುಂಚೆ ನಮ್ಮ ಬಗೆಯವರು ಬಂದಿರಬಹುದು. ಅವರ ವಂಶ ಮಾತ್ರ ನಮ್ಮವರೆಗೆ ಅಷ್ಟಾಗಿ ಮುಂದುವರಿದಂತೆ ಕಾಣುವುದಿಲ್ಲ.

ಹೋದ ತಿಂಗಳು ಇದನ್ನೇ ಹೇಳಿದಾಗ ಒಬ್ಬ ಹುಡುಗ, "ಹಾಗಾದ್ರೆ ಜ್ವಾಲಾಪುರಂನವರು ನಮಗೆ ಏನೂ ಆಗ್ಬೇಕಿಲ್ವಾ ಅಂಕಲ್?" ಅಂತ ಬೇಜಾರಿನಿಂದ ಕೇಳಿದ. ಅದನ್ನು ಹೇಳೋಕೆ ಬೂದಿಯ ಕೆಳಗಿಂದ ಒಂದು ಮೂಳೆ ಬೇಕು ಪುಟ್ಟಾ, ಒಂದು ಹಲ್ಲಾದರೂ ಸಾಕು ಅಂದೆ. ಬಂಡೆ ಇಳಿಯುವವರೆಗೂ ಅವನು ನೆಲ ನೋಡಿಕೊಂಡೇ ನಡೆದ.